ಗೋರಿಯ ಮೇಲೆ ಒಡೆಯದ ಬಟ್ಟಲು

"ಅದನ್ನ ಮುಟ್ಟಬೇಡ ಮಗಾ! ಕೈ ತೆಗಿ ಮೊದಲು!"

ಬೈನಾ ಅಜ್ಜಿಯ ಕೂಗಿಗೆ ಓಕ್ ಮರದಲ್ಲಿದ್ದ ಕಾಗೆಗಳೆಲ್ಲ ಎದ್ದು ಹಾರಿದವು. ಬಗ್ಗಿದ್ದ ವಕೀಲ ಕ್ವಾಶ್ ಮಜೀಕ್ ಬಗ್ಗಿದ ಹಾಗೆಯೇ ನಿಂತ. ಶಾಸನಸಭೆಯಲ್ಲಿ ದೊಡ್ಡ ದೊಡ್ಡ ಜಮೀನ್ದಾರರ ಬಾಯಿ ಮುಚ್ಚಿಸುವ ಮನುಷ್ಯ, ಎಂಬತ್ತು ದಾಟಿದ ಈ ಮುದುಕಿಯ ಮುಂದೆ ಮಾತ್ರ ಇಂದಿಗೂ ಬೆಲ್ಲ ಕದ್ದು ಸಿಕ್ಕಿಬಿದ್ದ ಹುಡುಗನೇ. ಅವನು ಗುಲಾಮರ ಕೇರಿಯಲ್ಲಿ ಹುಟ್ಟಿದಾಗ ಹೊಕ್ಕುಳಬಳ್ಳಿ ಕತ್ತರಿಸಿದವಳು ಅವಳು.

"ಅಜ್ಜೀ, ಇದಕ್ಕೇ ತಾನೆ ನಾನು ಬೆಳಿಗ್ಗೆ ಎದ್ದು ಒಂಬತ್ತು ಮೈಲಿ ಬಂದಿದ್ದು?"

"ಬಂದೆ ಸರಿ. ಕಣ್ಣು ತಂದಿದೀಯಾ? ಅದನ್ನ ಸರಿಯಾಗಿ ನೋಡು."

ಸಿಪಿಯೋನನ್ನು ಮಣ್ಣು ಮಾಡಿ ಇಪ್ಪತ್ತು ದಿನವಾಗಿತ್ತು. ಗಂಡನಿಗೆ ಪಾಷಾಣ ಹಾಕಿದಳೆಂಬ ಆರೋಪ ಹೊತ್ತು ಅವನ ಹೆಂಡತಿ ಹೇಗರ್ ಆಶ್ಬರಿಯ ಜೈಲಿನಲ್ಲಿದ್ದಳು. ಸೋಮವಾರ ವಿಚಾರಣೆ, ಇವತ್ತು ಶನಿವಾರ. ತೀರ್ಪು ವಿರುದ್ಧವಾದರೆ ನೇಣು.

ಸರ್ಕಾರಿ ವಕೀಲನ ವಾದ ಬಹಳ ಸರಳ. ಬೆಳಗಿನ ಜೋಳದ ಗಂಜಿಯಲ್ಲಿ ಪಾಷಾಣವಿತ್ತು, ಗಂಜಿ ಕಾಯಿಸಿದವಳು ಹೇಗರ್, ಮುಗಿಯಿತು. ಹೇಗರ್ ಹೇಳುವುದೇ ಬೇರೆ. ಗಂಜಿ ಕೊಟ್ಟು ಅವಳು ಭತ್ತದ ಕಣಕ್ಕೆ ಹೋದವಳು, ಸಂಜೆಯವರೆಗೂ ಇಪ್ಪತ್ತು ಜನರ ಕಣ್ಣೆದುರು ದುಡಿದಳು. ಮನೆಗೆ ಬಂದಾಗ ಗಂಡ ಹೊಟ್ಟೆ ಹಿಡಿದುಕೊಂಡು ಹೊರಳಾಡುತ್ತಿದ್ದ. ಮೇಜಿನ ಮೇಲೆ ತಳದಲ್ಲಿ ಚಹಾ ಉಳಿದಿದ್ದ ಬಟ್ಟಲು. ಮಧ್ಯಾಹ್ನ ಯಾರೋ ಬಂದು ಅವನ ಜೊತೆ ಕೂತು ಹೋಗಿದ್ದರು. ಬಾಗಿಲ ಮುಂದಿನ ಮರಕ್ಕೆ ಕಟ್ಟಿದ್ದ ಬೂದು ಕುದುರೆಯನ್ನು ದಾರಿಯಲ್ಲಿ ಹೋದವರು ನೋಡಿದ್ದರು, ಸವಾರನನ್ನು ಯಾರೂ ನೋಡಿರಲಿಲ್ಲ.

ಆ ಬಟ್ಟಲಿನ ತಳದ ಕಲೆಯಲ್ಲಿ ಪಾಷಾಣ ಸಿಕ್ಕಿಬಿಟ್ಟರೆ ಹೇಗರ್ ಉಳಿಯುತ್ತಾಳೆ. ಗುರುವಾರ ತುಂಬಿದ ಕೋರ್ಟಿನಲ್ಲಿ ಮಜೀಕ್ ಎದ್ದು ನಿಂತು, ಸತ್ತವನು ಕೊನೆಗೆ ಕುಡಿದ ಬಟ್ಟಲು ನಮ್ಮ ಪದ್ಧತಿಯಂತೆ ಅವನ ಗೋರಿಯ ಮೇಲಿದೆ, ಅದನ್ನು ಚಾರ್ಲ್ಸ್‌ಟನ್ನಿನ ರಸಾಯನ ಪಂಡಿತರಿಗೆ ಕಳಿಸುತ್ತೇನೆ ಎಂದಿದ್ದ. ನ್ಯಾಯಾಧೀಶರು ಒಪ್ಪಿದ್ದರು. ಅದೇ ಬಟ್ಟಲು ಈಗ ಅವನ ಕಾಲ ಬಳಿ, ಮರಳು ದಿಬ್ಬದ ಮೇಲೆ, ತಣ್ಣಗೆ ಕೂತಿತ್ತು.

ಬಿಳಿ ಪಿಂಗಾಣಿ. ಒಂದು ಹಿಡಿ. ಎಲ್ಲ ಮನೆಯಲ್ಲೂ ಇರುವಂಥದ್ದು.

ಮಜೀಕ್ ನೋಡಿದ. ಆಮೇಲೆ ಪಕ್ಕದ ಗೋರಿಗಳನ್ನು ನೋಡಿದ. ಗಾಜು ಒಡೆದ ಗಡಿಯಾರ, ತಳಕ್ಕೆ ತೂತು ಕೊರೆದ ಹೂಜಿ, ಬಾಯಿ ಮುರಿದ ಔಷಧಿ ಸೀಸೆ, ಎರಡು ಹೋಳಾದ ದೀಪದ ಚಿಮಣಿ. ಆ ಇಡೀ ಸ್ಮಶಾನದಲ್ಲಿ ಒಡೆಯದ ಪಾತ್ರೆ ಒಂದೇ ಒಂದು ಇತ್ತು. ಅದು ಸಿಪಿಯೋನ ಗೋರಿಯ ಮೇಲಿತ್ತು.

ಅವನು ಚಾಚಿದ್ದ ಕೈ ಹಿಂದೆಳೆದುಕೊಂಡ.

"ಹೇಗರ್ ಒಡೆದಿರಲಿಲ್ವಾ ಅಜ್ಜೀ?"

"ಒಡೆದಿರಲಿಲ್ವಾ ಅಂತ ಕೇಳ್ತಾನೆ ನೋಡು! ನನ್ನ ಕಣ್ಣೆದುರಿಗೇ ಕಲ್ಲಿಗೆ ಕುಟ್ಟಿದ್ಲು. ಹಿಡಿ ಆ ಕಡೆ ಹಾರ್ತು, ತಳ ಈ ಕಡೆ ಬಿತ್ತು. ನಾನೇ ಆರಿಸಿ ತಲೆ ಹತ್ತಿರ ಜೋಡಿಸಿಟ್ಟೆ. ಮೊನ್ನೆ ಬುಧವಾರ ಕಸ ಗುಡಿಸೋಕೆ ಬಂದಾಗ್ಲೂ ಚೂರು ಚೂರಾಗೇ ಇತ್ತು."

"ಬುಧವಾರ ಇತ್ತು. ಗುರುವಾರ ನಾನು ಕೋರ್ಟಲ್ಲಿ ಬಾಯಿ ಬಿಟ್ಟೆ."

"ನಿನ್ನ ಬಾಯಿ ಯಾವತ್ತು ಮುಚ್ಚಿತ್ತು ಹೇಳು."

ಅಜ್ಜಿ ಸ್ಮಶಾನದಂಚಿನ ಕಂಬಗಳ ರಾಶಿಯ ಮೇಲೆ ಕುಕ್ಕರಿಸಿದಳು. ಗೋರಿಗಳ ಮೇಲೆ ದನ ಬರಬಾರದೆಂದು ಮಜೀಕನ ಜೊತೆಗಾರ ವಕೀಲ ಲೋವೆಟ್ ಊರೆಲ್ಲ ಚಂದಾ ಎತ್ತಿ ತರಿಸಿದ್ದ ಬೇಲಿ ಕಂಬಗಳವು. ಕೂತವಳ ಕೈಯಲ್ಲಿ ಆಗಲೇ ಒಂದು ಗುಂಡುಕಲ್ಲು ಬಂದಿತ್ತು.

"ಸರಿ ಈಚೆ. ನಾನು ಅದನ್ನ ಒಡೀಬೇಕು."

"ಅಜ್ಜೀ, ಬೇಡ! ಇದನ್ನ ಒಡೆದ್ರೆ ಹೇಗರ್‌ನ ನೇಣಿಗೆ ಹಾಕ್ತಾರೆ."

"ಒಡೀದಿದ್ರೆ ಏನಾಗುತ್ತೆ ಅಂತ ನಿಂಗೆ ಹೊಸದಾಗಿ ಹೇಳಿಕೊಡಬೇಕಾ? ಸಾವಿನ ಸರಪಳಿ ಕಡಿಯಲ್ಲ. ಅದೇ ಮನೆಯಿಂದ ಇನ್ನೊಬ್ಬರನ್ನ ಎಳ್ಕೊಂಡು ಹೋಗುತ್ತೆ." ಅವಳ ದನಿ ಇಳಿಯಿತು. "ಆ ಮನೇಲಿ ಇನ್ಯಾರಿದಾರೆ ಮಗಾ? ಅವಳೊಬ್ಬಳೇ."

ಕಾನೂನು ಓದಿದ ತಲೆ ಇದನ್ನೆಲ್ಲ ನಂಬುವುದಿಲ್ಲ ಎಂದು ಮಜೀಕ್ ಪಟ್ಟಣದಲ್ಲಿ ಹೇಳಿಕೊಳ್ಳುತ್ತಿದ್ದ. ಇಲ್ಲಿ ಮಾತ್ರ ಅವನು ಟೋಪಿ ತೆಗೆದು ಮುದುಕಿಯ ಮುಂದೆ ಮಂಡಿಯೂರಿದ.

"ಸೋಮವಾರದವರೆಗೂ ನಂಗೆ ಬಿಡು. ಇದನ್ನ ಇಲ್ಲಿಟ್ಟವನೇ ಸಿಪಿಯೋನ ಕೊಂದವನು. ಒಡೆದ ಬಟ್ಟಲು ಹೊತ್ಕೊಂಡು ಹೋಗಿ, ಗೊತ್ತಾಗದೆ ಇರಲಿ ಅಂತ ಇನ್ನೊಂದು ತಂದಿಟ್ಟಿದಾನೆ. ನಮ್ಮವನಾಗಿದ್ರೆ ಒಡೆದು ಇಡ್ತಿದ್ದ. ಇವನಿಗೆ ಗೊತ್ತೇ ಇಲ್ಲ."

ಅಜ್ಜಿ ಕಲ್ಲನ್ನು ಮಡಿಲಿಗೆ ಹಾಕಿಕೊಂಡಳು.

"ಸೋಮವಾರ. ಆಮೇಲೆ ನಿನ್ನ ಕೈಯಿಂದ ನೀನೇ ಒಡೀಬೇಕು. ಕೋಟು ಹಾಕ್ಕೊಂಡೋರು ಮಾತು ಮರೀತಾರೆ. ನೀನು ಮರೆತ್ರೆ ಆ ಕೋಟು ಕಿತ್ತು ನೆಲ ಒರೆಸ್ತೀನಿ."

ಮಜೀಕ್ ಬಟ್ಟಲನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಕುದುರೆ ಹತ್ತಿದ. ಅವನ ತಲೆಯಲ್ಲಿ ಒಂದೇ ಹೆಸರು ಕುದಿಯುತ್ತಿತ್ತು. ಈ ಜಿಲ್ಲೆಯಲ್ಲಿ ಬೂದು ಕುದುರೆ ಇದ್ದದ್ದು ಒಂದೇ ಲಾಯದಲ್ಲಿ.

*

ಆ ಲಾಯದ ಒಡೆಯ ಕರ್ನಲ್ ವಿದರ್ಬಿ ತಾನೇ ಹೇಳಿಕಳಿಸಿದ್ದ. 'ಶನಿವಾರ ಮಧ್ಯಾಹ್ನ ಬಂದು ಕಂಡರೆ ಆ ಹೆಂಗಸಿಗೆ ಒಳ್ಳೆಯದಾಗುತ್ತದೆ' ಎಂದು ಎರಡು ಸಾಲಿನ ಚೀಟಿ. ಗುಲಾಮಗಿರಿ ಮುಗಿಸಿದ ಯುದ್ಧದಲ್ಲಿ ಸೋತ ಕಡೆಯ ಕರ್ನಲ್ ಅವನು, ಕಳೆದ ತಿಂಗಳ ಚುನಾವಣೆಯಲ್ಲಿ ಮಜೀಕನ ಎದುರು ಸೋತವನೂ ಅವನೇ. ಸೋತದ್ದು ಮೂವತ್ತೊಂದೇ ಮತದಿಂದ. ಆ ಮೂವತ್ತೊಂದರ ಹಿಂದೆ ಒಂದು ಕಥೆಯಿತ್ತು.

ಸಿಪಿಯೋ ಸ್ಯಾಂಡಿ ಲ್ಯಾಂಡಿಂಗ್ ಮತಗಟ್ಟೆಯ ಮೇಲ್ವಿಚಾರಕನಾಗಿದ್ದ. ತನ್ನ ಕೈಯಿಂದ ಮತ ಎಣಿಸಿ, ಕಾಗದದ ಮೇಲೆ ಬರೆದು, ಚೀಲಕ್ಕೆ ಅರಗು ಹಾಕಿದ್ದ. ಆಶ್ಬರಿಯಲ್ಲಿ ಓದಿದಾಗ ಮಜೀಕನ ಇನ್ನೂರು ಮತ ಮಾಯವಾಗಿದ್ದವು, ಆದರೂ ಅವನು ಮೂವತ್ತೊಂದು ಮತದಿಂದ ಗೆದ್ದಿದ್ದ. 'ದಾರಿಯಲ್ಲಿ ಕಾಗದ ಬದಲಾಯಿಸಿದವನು ಯಾರು ಅಂತ ಗೊತ್ತಾಗಿದೆ, ಭಾನುವಾರ ಚರ್ಚಿನಲ್ಲಿ ಎಲ್ಲರ ಮುಂದೆ ಹೇಳ್ತೀನಿ' ಎಂದು ಅವನು ಸಾರಿದ್ದ. ಶನಿವಾರವೇ ಸತ್ತ.

ಕರ್ನಲ್‌ನ ಚೀಟಿಯ ವಿಷಯವನ್ನು ಮಜೀಕ್ ನಿನ್ನೆ ಜೈಲಿನಲ್ಲಿ ಹೇಗರ್‌ಗೆ ಹೇಳಿದ್ದ. ಅವಳು ಕಂಬಿಯ ಹಿಂದಿನಿಂದ ಕೇಳಿ, ನಕ್ಕಿದ್ದಳು. "ನನ್ನ ಕೊರಳಿಗೋಸ್ಕರ ನೀನು ಶಾಸನಸಭೆಯ ಕುರ್ಚಿ ಬಿಟ್ಟುಕೊಟ್ಟೆ ಅನ್ನು, ನನ್ನ ಗಂಡ ಸುಮ್ಮನೆ ಸತ್ತಂಗಾಯ್ತು. ಹೋಗಿ ಬಾ ಅಣ್ಣಾ. ಅವನು ಏನು ಕೇಳ್ತಾನೋ ಅದನ್ನ ಮಾತ್ರ ಕೊಡಬೇಡ."

ಕರ್ನಲ್ ವರಾಂಡದಲ್ಲಿ ಆರಾಮಕುರ್ಚಿಯ ಮೇಲೆ ಕಾಲು ಚಾಚಿದ್ದ. ಎದುರಿಗೆ ಒಂದು ಖಾಲಿ ಕುರ್ಚಿ. ಕೂರು ಎನ್ನಲಿಲ್ಲ. ಮಜೀಕ್ ಕುರ್ಚಿ ಎಳೆದು ಕೂತ.

"ನಿಂಗೆ ಕೂರೋಕೆ ಹೇಳಿದ ನೆನಪಿಲ್ಲ, ಕ್ವಾಶ್."

"ಪರವಾಗಿಲ್ಲ ಕರ್ನಲ್. ವಯಸ್ಸಾಯ್ತು, ಮರೆವು ಸಹಜ."

ಒಳಗಡೆ ಅಡುಗೆಮನೆಯಲ್ಲಿ ಯಾರೋ ತಟ್ಟೆ ಕೈಜಾರಿಸಿದ ಸದ್ದಾಯಿತು. ಕೆಲಸದ ಹೆಂಗಸರು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಾರೆಂದು ಇಬ್ಬರಿಗೂ ಗೊತ್ತಾಯಿತು. ಕರ್ನಲ್‌ನ ಕಿವಿ ಕೆಂಪಾಯಿತು. ಅವನು ಮೇಜಿನ ಮೇಲಿದ್ದ ಕಾಗದವನ್ನು ಮುಂದೆ ತಳ್ಳಿದ.

"ಓದು. ಓದೋಕೆ ಕಲಿತಿದೀಯಂತಲ್ಲ."

ರಾಜೀನಾಮೆ. ಅನಾರೋಗ್ಯದ ಕಾರಣ ಶಾಸನಸಭೆಯ ಸ್ಥಾನವನ್ನು ಬಿಡುತ್ತಿದ್ದೇನೆ ಎಂದು ಮಜೀಕನ ಹೆಸರಿನಲ್ಲಿ, ಕರ್ನಲ್‌ನ ಸ್ವಂತ ಕೈಬರಹದಲ್ಲಿ, ಚೆಂದವಾಗಿ ಬರೆದಿತ್ತು. ಕೆಳಗೆ ಸಹಿಗೆ ಜಾಗ.

"ನನ್ನ ಆರೋಗ್ಯ ಚೆನ್ನಾಗಿದೆ."

"ಅವಳದ್ದು ಚೆನ್ನಾಗಿರೋದು ಬೇಡ್ವಾ? ಸರ್ಕಾರಿ ವಕೀಲ ನನ್ನ ತಂಗಿ ಗಂಡ. ನೀನು ಸಹಿ ಹಾಕು, ಸೋಮವಾರ ಅವನು ಎದ್ದು ಸಾಕ್ಷಿ ಸಾಲದು ಅಂತಾನೆ. ಆ ಹೆಂಗಸು ಮನೆಗೆ ಹೋಗ್ತಾಳೆ. ಹಾಕದೆ ಇದ್ರೆ..." ಕರ್ನಲ್ ಬೆರಳಿನಿಂದ ಕೊರಳಪಟ್ಟಿಯನ್ನು ಸಡಿಲ ಮಾಡಿಕೊಂಡ.

ಮಜೀಕನ ಕೈ ಲೇಖನಿಯ ಕಡೆ ಹೋಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೋಯಿತು. ಹೇಗರ್‌ನ ಮುಖ ಕಣ್ಣ ಮುಂದೆ ಬಂತು, ಒಂದು ಸಹಿಯ ಅಂತರದಲ್ಲಿ ಅವಳ ಜೀವ ಇತ್ತು. ಅವಳ ಮಾತೂ ನೆನಪಾಯಿತು. ಕೈ ಜೇಬಿಗೆ ಇಳಿಯಿತು, ಕರವಸ್ತ್ರದ ಗಂಟು ಹೊರಗೆ ಬಂತು. ಅವನು ಬಟ್ಟಲನ್ನು ರಾಜೀನಾಮೆಯ ಮೇಲೆಯೇ ಇಟ್ಟ.

"ಇದು ನಿಮ್ಮ ಮನೇದಾ?"

ಅವನು ಕರ್ನಲ್‌ನ ಕಣ್ಣನ್ನೇ ನೋಡುತ್ತಿದ್ದ. ಬೆಚ್ಚುತ್ತಾನೆ, ಬಣ್ಣ ಬಿಡುತ್ತಾನೆ ಎಂದುಕೊಂಡಿದ್ದ. ಕರ್ನಲ್ ಬಟ್ಟಲನ್ನು ಎತ್ತಿ, ತಿರುಗಿಸಿ, ತಲೆಕೆಳಗು ಮಾಡಿ ನೋಡಿ, ಗಟ್ಟಿಯಾಗಿ ನಕ್ಕುಬಿಟ್ಟ. ಮನಸ್ಸು ಬಿಚ್ಚಿ ನಕ್ಕ ನಗು ಅದು, ನಟನೆಯಲ್ಲ.

"ನನ್ನ ಮನೇದಾ? ನನ್ನ ತಾಯಿ ಇಂಥದ್ದರಲ್ಲಿ ನಾಯಿಗೂ ನೀರಿಡ್ತಿರಲಿಲ್ಲ! ತಳ ನೋಡು. ಜೇನುಗೂಡಿನ ಮುದ್ರೆ. ಇದು ಉತ್ತರದ ಮಾಲು ಕಣೋ. ನಿಮಗೆ ಅಆಇಈ ಕಲಿಸೋಕೆ ಅಂತ ಬಂದ ಮಹಾನುಭಾವರು ಪೆಟ್ಟಿಗೆಗಟ್ಟಲೆ ತಂದದ್ದು. ಈ ಜಿಲ್ಲೆಯ ಅಂಗಡೀಲಿ ಎಲ್ಲೂ ಸಿಗಲ್ಲ."

ಮಜೀಕ್ ಬಟ್ಟಲಿನ ತಳ ನೋಡಿದ. ಉಗುರಿನಷ್ಟು ಚಿಕ್ಕ ನೀಲಿ ಜೇನುಗೂಡು. ಬೆಳಿಗ್ಗೆಯಿಂದ ಜೇಬಿನಲ್ಲಿಟ್ಟುಕೊಂಡು ತಿರುಗಿದರೂ ಅವನು ಅದನ್ನು ತಲೆಕೆಳಗು ಮಾಡಿ ನೋಡಿರಲಿಲ್ಲ. ತನ್ನ ಮೇಲೆ ತನಗೇ ಸಿಟ್ಟು ಬಂತು.

"ಮತ್ತೆ ಬೂದು ಕುದುರೆ? ಸಿಪಿಯೋ ಸತ್ತ ದಿನ ಅವನ ಮನೆ ಮುಂದೆ ಕಟ್ಟಿತ್ತು. ಅದೂ ಉತ್ತರದ ಮಾಲಾ?"

ಕರ್ನಲ್‌ನ ನಗು ನಿಂತಿತು. ಆದರೆ ನಿಂತ ನಗುವಿನ ಜಾಗಕ್ಕೆ ಬಂದದ್ದು ಭಯವಲ್ಲ, ವ್ಯಾಪಾರ.

"ಕುದುರೆ ನನ್ನದೇ. ಆ ದಿನ ನನ್ನ ಲಾಯದಲ್ಲಿರಲಿಲ್ಲ. ಒಬ್ಬ ದೊಡ್ಡಮನುಷ್ಯರು ಕೇಳಿದ್ರು, ಕೊಟ್ಟೆ. ಹೆಸರು ಬೇಕಾ? ಆ ಬಟ್ಟಲು ತೆಗಿ, ಸಹಿ ಹಾಕು. ಹೆಂಗಸೂ ನಿಂದೇ, ಹೆಸರೂ ನಿಂದೇ. ಇದಕ್ಕಿಂತ ಒಳ್ಳೆ ವ್ಯವಹಾರ ನಿಂಗೆ ಸಿಗಲ್ಲ."

ಮಜೀಕ್ ಬಟ್ಟಲನ್ನು ಕರವಸ್ತ್ರದಲ್ಲಿ ಸುತ್ತಿದ. ರಾಜೀನಾಮೆಯನ್ನು ಅಚ್ಚುಕಟ್ಟಾಗಿ ನಾಲ್ಕು ಮಡಿಕೆ ಮಡಿಸಿ ಒಳಜೇಬಿಗೆ ಇಳಿಸಿದ. ಎದ್ದ.

"ಏಯ್! ಅದನ್ನ ಎಲ್ಲಿಗೆ ತಗೊಂಡು ಹೋಗ್ತೀಯಾ?"

"ನನ್ನ ಹೆಸರಲ್ಲಿ ಬರೆದ ಕಾಗದ, ನಿಮ್ಮ ಕೈಯಕ್ಷರ. ಸೋಮವಾರ ಜೂರಿಯವರು ಓದಲಿ. ಕೊಲೆ ಕೇಸು ಒಂದು ಸಹಿಗೆ ಹೇಗೆ ಕರಗಿಹೋಗುತ್ತೆ ಅಂತ ಹನ್ನೆರಡು ಜನಕ್ಕೂ ಗೊತ್ತಾಗಲಿ."

"ಕೊಡೋ ಅದನ್ನ!" ಕರ್ನಲ್ ಕುರ್ಚಿಯಿಂದ ಎದ್ದೇಬಿಟ್ಟ. "ನಿನ್ನನ್ನ ಎಂಟುನೂರು ಡಾಲರಿಗೆ ಮಾರಿದ್ದನ್ನ ಕಣ್ಣಾರೆ ನೋಡಿದವನು ನಾನು!"

"ಆವತ್ತು ಕೊಳ್ಳೋಕೆ ಆಗಿತ್ತು ಕರ್ನಲ್." ಮಜೀಕ್ ಟೋಪಿ ಹಾಕಿಕೊಂಡ. ಅವನ ದನಿ ಏರಲಿಲ್ಲ. "ಇವತ್ತು ಅಂಗಡಿ ಮುಚ್ಚಿದೆ. ಕುದುರೆ ತಗೊಂಡವನ ಹೆಸರನ್ನ ನಾನೇ ಹುಡುಕ್ಕೋತೀನಿ."

ಮೆಟ್ಟಿಲು ಇಳಿಯುವಾಗ ಅಡುಗೆಮನೆಯ ಕಿಟಕಿಯಲ್ಲಿ ಒಂದು ಕರಿಯ ಕೈ ಕಂಡಿತು. ಆ ಕೈ ಬಿಸಿ ರೊಟ್ಟಿಯೊಂದನ್ನು ಅವನತ್ತ ಚಾಚಿತ್ತು. ಅವನು ಇಸಕೊಂಡು, ಕರ್ನಲ್ ನೋಡುತ್ತಿರುವಂತೆಯೇ ಕಚ್ಚಿ ತಿನ್ನುತ್ತ ಹೋದ.

*

ಆಶ್ಬರಿ ತಲುಪುವಾಗ ಮೂರು ಗಂಟೆ. ಡಿಸೆಂಬರಿನ ಗಾಳಿಗೆ ಕೈ ಮರಗಟ್ಟಿತ್ತು. 'ಮಜೀಕ್ ಮತ್ತು ಲೋವೆಟ್, ವಕೀಲರು' ಎಂಬ ಹಲಗೆಯ ಕೆಳಗೆ ಕುದುರೆ ಕಟ್ಟಿ ಒಳಗೆ ಬಂದರೆ ಕಬ್ಬಿಣದ ಒಲೆ ಕಾಯುತ್ತಿತ್ತು, ಕಾಫಿಯ ಘಮ ತುಂಬಿತ್ತು.

"ಬಂದ್ಯಾ! ಮುಖ ನೋಡು, ಹೆಪ್ಪುಗಟ್ಟಿದೆ. ಮೊದಲು ಕುಡಿ, ಆಮೇಲೆ ಮಾತು."

ಆಲ್ಡನ್ ಲೋವೆಟ್ ಬಟ್ಟಲು ತುಂಬಿಸಿ ಕೈಗಿಟ್ಟ. ಉತ್ತರದ ಮ್ಯಾಸಚೂಸೆಟ್ಸ್‌ನಿಂದ ಬಂದು ಎಂಟು ವರ್ಷವಾಗಿತ್ತು. ಮಜೀಕನಿಗೆ ಕಾನೂನಿನ ಮೊದಲ ಪುಸ್ತಕ ಕೊಟ್ಟವನು ಅವನು. ರಾಜಧಾನಿ ಕೊಲಂಬಿಯಾದ ಹೋಟೆಲಿನವನು ಮಜೀಕನಿಗೆ ಕೋಣೆ ಇಲ್ಲ ಎಂದ ರಾತ್ರಿ, ತನಗೆ ಸಿಕ್ಕ ಕೋಣೆ ಬಿಟ್ಟು ಅವನ ಜೊತೆ ರೈಲು ನಿಲ್ದಾಣದ ಬೆಂಚಿನ ಮೇಲೆ ಮಲಗಿದವನು. ಒಡಹುಟ್ಟಿದ ಅಣ್ಣನಿದ್ದಿದ್ದರೂ ಮಜೀಕ್ ಇವನಷ್ಟು ಹಚ್ಚಿಕೊಳ್ಳುತ್ತಿರಲಿಲ್ಲ.

"ನಿಂಗೆ?"

"ನಂದು ಆಗಲೇ ಆಯ್ತು. ಸಿಕ್ಕಿತಾ ಆ ಬಟ್ಟಲು?"

"ಸಿಕ್ಕಿತು." ಮಜೀಕ್ ನಿಂತೇ ಕುಡಿದ. ಬಿಸಿ ಗಂಟಲಿನಲ್ಲಿ ಇಳಿದು ಹೊಟ್ಟೆ ತಲುಪಿತು, ಜೀವ ಬಂದಂತಾಯಿತು. ನಾಲ್ಕೇ ಗುಟುಕಿಗೆ ಬಟ್ಟಲು ಬರಿದಾಯಿತು. ಮೇಜಿನ ಮೇಲೆ ಇಡಲು ಹೋದವನು, ಬೆಳಿಗ್ಗೆಯಿಂದ ತಲೆಯಲ್ಲಿ ಕೂತಿದ್ದ ಚಪಲಕ್ಕೆ, ಅದನ್ನು ತಲೆಕೆಳಗು ಮಾಡಿದ.

ನೀಲಿ ಜೇನುಗೂಡು.

ಐದು ವರ್ಷದಿಂದ ದಿನಕ್ಕೆರಡು ಸಲ ಇದರಲ್ಲಿ ಕಾಫಿ ಕುಡಿದಿದ್ದ. ತಳ ಯಾರು ನೋಡುತ್ತಾರೆ! ಅವನು ನಿಧಾನವಾಗಿ ಕಣ್ಣೆತ್ತಿದ. ಒಲೆಯ ಪಕ್ಕದ ಗೋಡೆಯಲ್ಲಿ ಆರು ಕೊಕ್ಕೆ. ನಾಲ್ಕರಲ್ಲಿ ಬಟ್ಟಲು ತೂಗುತ್ತಿದ್ದವು. ಐದನೆಯದು ಅವನ ಕೈಯಲ್ಲಿತ್ತು.

ಒಂದರ ಹಿಂದೊಂದು ನೆನಪಾದವು. ಆ ಬೇಲಿ. 'ಪಾಪ, ಎಷ್ಟು ಪ್ರೀತಿಯಿಂದ ಪಾತ್ರೆ ತಂದಿಡ್ತಾರೆ, ದನ ತುಳಿದು ಒಂದನ್ನೂ ಉಳಿಸಿಲ್ಲ' ಎಂದು ಲೋವೆಟ್ ಮರುಗಿ ಬೇಲಿಗೆ ಚಂದಾ ಎತ್ತಿದ್ದ. ಇಡೀ ಚರ್ಚು ಬೆನ್ನ ಹಿಂದೆ ನಕ್ಕಿತ್ತು, ಮಜೀಕನೂ ನಕ್ಕಿದ್ದ. ದನವಲ್ಲಪ್ಪ, ನಾವೇ ಒಡೆಯುತ್ತೇವೆ ಎಂದು ಒಬ್ಬರೂ ಹೇಳಲಿಲ್ಲ. ನಮ್ಮ ಸತ್ತವರ ವಿಷಯವನ್ನು ಬಿಳಿಯರಿಗೆ ಬಿಡಿಸಿ ಹೇಳುವ ಅಭ್ಯಾಸ ಈ ಊರಿನಲ್ಲಿ ಯಾರಿಗೂ ಇರಲಿಲ್ಲ, ಅವರು ಎಷ್ಟೇ ಒಳ್ಳೆಯವರಾಗಿರಲಿ.

ಮತ್ತೆ ಆ ಚೀಲ. ಸ್ಯಾಂಡಿ ಲ್ಯಾಂಡಿಂಗ್‌ನಿಂದ ಮತಗಳ ಚೀಲ ಬಂದದ್ದು ಲೋವೆಟ್‌ನ ಗಾಡಿಯಲ್ಲಿ. ಭದ್ರವಾಗಿರಲಿ ಎಂದು ಮಜೀಕನೇ ಅವನ ಕೈಗೆ ಒಪ್ಪಿಸಿದ್ದ. ಕರ್ನಲ್‌ನಿಂದ ಬೂದು ಕುದುರೆ ಪಡೆದ ಆ ದೊಡ್ಡಮನುಷ್ಯ ಯಾರೆಂದೂ ಈಗ ತಿಳಿಯಿತು.

"ಆರನೇ ಬಟ್ಟಲು ಎಲ್ಲಿ ಲೋವೆಟ್?"

"ಯಾವುದು? ಓ, ಅದಾ." ಲೋವೆಟ್ ಒಲೆಗೆ ಸೌದೆ ತುರುಕುತ್ತಿದ್ದ, ತಿರುಗಲಿಲ್ಲ. "ಕೈಜಾರಿ ಒಡೆದುಹೋಯ್ತು. ಹೋದ ವಾರ."

"ಒಡೆದುಹೋಯ್ತಾ?"

"ಚೂರು ಚೂರು. ಗುಡಿಸಿ ಹೊರಗೆ ಹಾಕಿದೆ."

ಮಜೀಕ್ ಜೇಬಿನಿಂದ ಗಂಟು ತೆಗೆದ. ಬಿಚ್ಚಿದ. ಖಾಲಿ ಬಟ್ಟಲಿನ ಪಕ್ಕದಲ್ಲಿ ಅದರ ಜೋಡಿಯನ್ನು ಇಟ್ಟ. ಪಿಂಗಾಣಿಗೆ ಪಿಂಗಾಣಿ ತಾಗಿ ಟಿಣ್ ಎಂದಿತು. ಆ ಸದ್ದಿಗೆ ಲೋವೆಟ್ ತಿರುಗಿದ.

"ಒಡೆದಿಲ್ಲ ಲೋವೆಟ್," ಎಂದ ಮಜೀಕ್. ಅಳು ಬರುತ್ತಿತ್ತು, ಇವನ ಮುಂದೆ ಅಳಲಾರೆ ಎಂಬ ಹಟವೂ ಇತ್ತು. "ಒಡೀಬೇಕಿತ್ತು. ನಮ್ಮಲ್ಲಿ ಒಡೆದೇ ಇಡೋದು. ನೀನು ಒಂದು ಮಾತು ಕೇಳಿದ್ರೆ ಸಾಕಿತ್ತು, ನಾನೇ ಹೇಳಿಕೊಡ್ತಿದ್ದೆ."

ಸೌದೆ ಲೋವೆಟ್‌ನ ಕೈಯಲ್ಲೇ ಉಳಿಯಿತು. ಅವನು ಎರಡು ಬಟ್ಟಲನ್ನೂ ನೋಡಿದ. ಆಮೇಲೆ ಅವನ ದೃಷ್ಟಿ ಗೋರಿಯಿಂದ ಬಂದ ಬಟ್ಟಲನ್ನು ಬಿಟ್ಟು, ಅದರ ಪಕ್ಕದ್ದರ ಮೇಲೆ, ಈಗಷ್ಟೇ ಬರಿದಾದದ್ದರ ಮೇಲೆ ನಿಂತಿತು.

"ಪೂರ್ತಿ ಕುಡಿದ್ಯಾ, ಕ್ವಾಶ್?" ಎಂದು ಮೆಲ್ಲಗೆ ಕೇಳಿದ.

ಒಲೆಯಲ್ಲಿ ಸೌದೆ ಚಟಪಟ ಎಂದಿತು. ಮಜೀಕನಿಗೆ ಹೊಟ್ಟೆಯೊಳಗಿನ ಬಿಸಿ ಈಗ ಬೇರೆಯೇ ಎನಿಸಿತು. ಹೇಗರ್ ನೆನಪಾದಳು. ಸೋಮವಾರದವರೆಗೆ ತಾನು ಬದುಕಿರಬೇಕು. ಬದುಕದಿದ್ದರೂ ಇವನು ಈ ಕೋಣೆಯಿಂದ ಹೊರಗೆ ಹೋಗಬಾರದು.

ಅವನು ಬಾಗಿಲಿಗೆ ಹೋಗಿ ಬೀಗ ಹಾಕಿದ. ಕೀಲಿಯನ್ನು ರಾಜೀನಾಮೆಯಿದ್ದ ಜೇಬಿಗೇ ಇಳಿಸಿದ. ಬೀದಿಯ ಕಡೆಯ ಕಿಟಕಿ ತೆರೆದು, ಎದುರಿನ ಕಮ್ಮಾರಸಾಲೆಯತ್ತ ಕೂಗಿದ. "ಯಾರಪ್ಪ ಅಲ್ಲಿ! ಡಾಕ್ಟರನ್ನ ಕರೀರಿ! ಹಾಗೇ ನಮ್ಮ ಜನ ಹತ್ತು ಮಂದಿ ಬನ್ನಿ, ಬಾಗಿಲ ಮುಂದೆ ನಿಂತ್ಕೊಳ್ಳಿ!"

ಸುತ್ತಿಗೆ ಸದ್ದು ನಿಂತಿತು. ಯಾರೋ ಓಡಿದ ಸದ್ದಾಯಿತು.

ಮಜೀಕ್ ವಾಪಸು ಬಂದು ಕಾಫಿ ಪಾತ್ರೆ ಎತ್ತಿದ. ಇನ್ನೂ ಅರ್ಧ ಇತ್ತು. ಗೋರಿಯಿಂದ ತಂದ ಬಟ್ಟಲನ್ನು ಮುಟ್ಟಲಿಲ್ಲ. ತಾನು ಕುಡಿದ ಬಟ್ಟಲಿಗೇ ಅಂಚಿನವರೆಗೂ ಸುರಿದ, ಮೇಜಿನ ಆ ಬದಿಗೆ ತಳ್ಳಿದ.

"ಐದು ವರ್ಷ ಒಟ್ಟಿಗೆ ಕುಡಿದಿದೀವಿ," ಎಂದ. "ಕೂತ್ಕೋ. ನೀನೂ ಕುಡಿ."

ಹಬೆ ಇಬ್ಬರ ನಡುವೆ ಏಳುತ್ತಿತ್ತು. ಹೊರಗೆ ಜನ ಸೇರುತ್ತಿದ್ದರು. ಲೋವೆಟ್ ಕುರ್ಚಿಯ ಮೇಲೆ ಕುಸಿದು ಕೂತ. ಅವನ ಕೈ ಬಟ್ಟಲಿನತ್ತ ಹೋಗಲಿಲ್ಲ.